‘ವಂಶವಾಹಿ ದೋಷ’ಕ್ಕೆ ಬದಲು ಏನು ಹೇಳಬಹುದು?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಚಾರದಲ್ಲಿ ನಿಮ್ಮ ಸಹಾಯ ಬೇಕು.

ನಮ್ಮಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು. ಅಜ್ಜಿಗೆ ಸ್ತನ ಕ್ಯಾನ್ಸರ್ ಇತ್ತು. ಹಾಗಾಗಿ ಡಾಕ್ಟರು ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರ ಬಳಿ, ಕಳಿಸಿದರು. ಅಮ್ಮನ ರಕ್ತ ಪರೀಕ್ಷೆಯಲ್ಲಿ ಬಿಆರ್‌ಸಿಎ1 ಎಂಬ ಜೀನ್‌ನಲ್ಲಿ (ವಂಶವಾಹಿಯಲ್ಲಿ) ಮ್ಯುಟೇಶನ್ ಇದೆ ಅಂತ ಬಂತು. ಜೊತೆಗೆ ಕೊಟ್ಟ ಕನ್ನಡದ ಹಾಳೆಯಲ್ಲಿ ಈ ಮ್ಯುಟೇಶನ್‌ಗೆ ‘ವಂಶವಾಹಿ ದೋಷ’ ಎಂದಿತ್ತು. ಅಮ್ಮ ಅದನ್ನು ಎರಡು ಸಲ ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ನನ್ನ ದೋಷ ನಿನಗೂ ಅಂಟಿತಾ?”

ಕುಜದೋಷ, ನಾಗದೋಷ, ದೃಷ್ಟಿದೋಷ. ನಮ್ಮ ಮನೆಗಳಲ್ಲಿ ದೋಷ ಅಂದರೆ ಇವೇ ನೆನಪಾಗುವುದು. ದೋಷ ಇದ್ದರೆ ಪರಿಹಾರ ಮಾಡಿಸಬೇಕು, ಯಾರೋ ಏನೋ ತಪ್ಪು ಮಾಡಿರಬೇಕು ಎಂಬ ಭಾವನೆ ಆ ಪದದ ಜೊತೆಗೇ ಬರುತ್ತದೆ. ‘ಕಾಗುಣಿತ ದೋಷ’ ಅಂದಾಗ ಮಾತ್ರ ಯಾರಿಗೂ ನೋವಾಗುವುದಿಲ್ಲ. ನಿಜಕ್ಕೂ ಆಗಿರುವುದು ಅದೇ ಅಲ್ವಾ? ಈ ಜೀನ್ ಎಲ್ಲರಲ್ಲೂ ಇರುತ್ತದೆ. ಜೀವಕೋಶದೊಳಗೆ ಡಿಎನ್‌ಎ ತುಂಡಾದಾಗ ರಿಪೇರಿ ಮಾಡುವುದು ಅದರ ಕೆಲಸ. ಅದರ ಬರವಣಿಗೆಯಲ್ಲಿ ಎಲ್ಲೋ ಅಕ್ಷರ ಬಿಟ್ಟುಹೋದರೆ ಆ ಕೆಲಸ ನಿಂತುಹೋಗುತ್ತದೆ. ಈ ಜೀನನ್ನು ಗುರುತಿಸಿದ್ದು 1994ರಲ್ಲಿ. ಅಷ್ಟು ಹೊಸ ಸಂಗತಿಗೆ ಇಷ್ಟು ಭಾರದ ಹಳೆಯ ಪದ ಯಾಕೆ ಬೇಕಿತ್ತು ಅನ್ನಿಸುತ್ತದೆ.

ಬೇರೆ ಪದಗಳನ್ನೂ ಅಮ್ಮನ ಮುಂದೆ ಇಟ್ಟು ನೋಡಿದೆ. ಪಠ್ಯಪುಸ್ತಕದ ‘ಉತ್ಪರಿವರ್ತನೆ’ ಅವರಿಗೆ ಏನೂ ಹೇಳಲಿಲ್ಲ. ‘ರೂಪಾಂತರ’ ಅಂದರೆ ಕೊರೊನಾ ಕಾಲದ ರೂಪಾಂತರಿ ವೈರಸ್ಸೇ ನೆನಪಾಯಿತು. ‘ಬದಲಾವಣೆ’ ಸುಲಭದ ಪದ, ಅದೇ ಸಾಕು ಅಂದುಕೊಂಡಿದ್ದೆ. ಆದರೆ ಅಮ್ಮ “ಯಾವಾಗ ಬದಲಾಯ್ತು?” ಅಂದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಇದು ಹುಟ್ಟಿದಾಗಲೇ ಇದ್ದದ್ದು, ನಡುವೆ ಆದದ್ದಲ್ಲ. ಗೆಡ್ಡೆಯೊಳಗೆ ಮಾತ್ರ ಆಮೇಲೆ ಆಗುವ ಬದಲಾವಣೆಗಳೂ ಇವೆ. ಅವು ಮಕ್ಕಳಿಗೆ ಹೋಗುವುದಿಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ಗೊಂದಲ ಇನ್ನೂ ಜಾಸ್ತಿ. ಸದ್ಯಕ್ಕೆ ನಾನು ‘ಹುಟ್ಟಿನಿಂದ ಬಂದ ವ್ಯತ್ಯಾಸ’ ಅನ್ನುತ್ತಿದ್ದೇನೆ. ಅಮ್ಮನಿಗೆ ಅದು ಅರ್ಥವಾಯಿತು. ಆದರೆ ಉದ್ದ ಆಯಿತು, ಪದ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ‘ಮಕ್ಕಳಿಗೆ ಬರುವ ಸಾಧ್ಯತೆ ಶೇ. 50’ ಎಂದು ಹಾಳೆಯಲ್ಲಿತ್ತು. ನಾವು ಇಬ್ಬರು ಮಕ್ಕಳು. ಒಬ್ಬರಿಗೆ ಬಂದೇ ಬಂದಿದೆ ಅಂತ ಅಮ್ಮ ತಿಳಿದುಕೊಂಡರು. ಒಬ್ಬೊಬ್ಬರಿಗೂ ಬೇರೆ ಬೇರೆ ಅರ್ಧಕ್ಕರ್ಧ, ಇಬ್ಬರಿಗೂ ಬರಬಹುದು, ಇಬ್ಬರಿಗೂ ಬರದೆ ಇರಬಹುದು ಅಂತ ಬಿಡಿಸಿ ಹೇಳಬೇಕಾಯಿತು. ನಾನೂ ತಮ್ಮನೂ ರಕ್ತ ಕೊಟ್ಟಿದ್ದೇವೆ, ಫಲಿತಾಂಶ ಇನ್ನೂ ಬಂದಿಲ್ಲ.

ನನಗೆ ಅವಸರ ಇರುವುದು ಸೋದರಮಾವನ ಮನೆಯ ಕಾರಣಕ್ಕೆ. ಅಮ್ಮನಲ್ಲಿ ಇದ್ದದ್ದು ಮಾವನಲ್ಲೂ ಇರಬಹುದು. ಗಂಡಸರಿಂದಲೂ ಇದು ಮಗಳಿಗೆ ಬರುತ್ತದೆ. ಮಾವನ ಮಗಳಿಗೆ 27 ವರ್ಷ, ಗಂಡು ನೋಡುತ್ತಿದ್ದಾರೆ. ‘ದೋಷ’ ಎಂಬ ಪದ ಕಿವಿಗೆ ಬಿದ್ದರೆ ಅತ್ತೆ ಪರೀಕ್ಷೆಯ ಮಾತನ್ನೇ ಎತ್ತಲು ಬಿಡುವುದಿಲ್ಲ. ಆದರೆ ಅವಳಿಗೆ ವಿಷಯ ಗೊತ್ತಾಗಲೇಬೇಕು. ಈ ವ್ಯತ್ಯಾಸ ಇರುವ ಹೆಂಗಸರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ. 25 ದಾಟಿದ ಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿದರೆ, ಬಂದರೂ ಬೇಗ ಗೊತ್ತಾಗುತ್ತದೆ.

ನಿಮ್ಮ ಊರಿನ ಕಡೆ, ಹೊಲಿಗೆಯಲ್ಲೋ ನೇಯ್ಗೆಯಲ್ಲೋ, ಮೊದಲಿನಿಂದಲೇ ಒಂದು ಎಳೆ ತಪ್ಪಿದ್ದಕ್ಕೆ ಯಾರ ಮೇಲೂ ತಪ್ಪು ಹೊರಿಸದ ಒಂದು ಮಾತು ಇದೆಯೇ? ಭಾನುವಾರ ಮಾವನ ಮನೆಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.