ಡಿಡಿಆರ್3ಎಲ್: 400ರಲ್ಲಿ ಪಾಸ್, 533ರಲ್ಲಿ ಎರರ್. ದಯವಿಟ್ಟು ಸಹಾಯ ಮಾಡಿ

ಬೋರ್ಡ್_ಭಟ್ಟ: ನನ್ನ ಬೋರ್ಡಲ್ಲಿ ಜಿಂಕ್-7020 ಪ್ರೊಸೆಸರ್ ಚಿಪ್, 16 ಬಿಟ್‌ನ ಎರಡು ಡಿಡಿಆರ್3ಎಲ್ ಮೆಮೊರಿ ಚಿಪ್. 400 ಮೆಗಾಹರ್ಟ್ಸ್‌ನಲ್ಲಿ ಮೆಮ್‌ಟೆಸ್ಟರ್ (ಮೆಮೊರಿ ಪರೀಕ್ಷಿಸೋ ಪ್ರೋಗ್ರಾಂ) ರಾತ್ರಿಯಿಡೀ ಓಡುತ್ತೆ. 533ಕ್ಕೆ ಏರಿಸಿದ ಎರಡೇ ನಿಮಿಷಕ್ಕೆ ಎರರ್. ಲೇಔಟ್ ಎಲ್ಲ ಸರಿ ಇದೆ. ಮೂರು ದಿನದಿಂದ ತಲೆ ಕೆಟ್ಟುಹೋಗಿದೆ.

ಟ್ರೇಸ್‌ರಾಯ: ಬೈಟ್ ಲೇನ್ (ಒಂದು ಬೈಟ್‌ನ ಡೇಟಾ ಗೆರೆಗಳ ಗುಂಪು) ಒಳಗೆ ಗೆರೆಗಳ ಉದ್ದದ ವ್ಯತ್ಯಾಸ ಎಷ್ಟು? ಪ್ಯಾಕೇಜ್ ಡಿಲೇ (ಚಿಪ್‌ನ ಪ್ಯಾಕೇಜ್ ಒಳಗೇ ಸಿಗ್ನಲ್‌ಗೆ ಆಗೋ ತಡ) ಸೇರಿಸಿದ್ದೀರಾ?

ಬೋರ್ಡ್_ಭಟ್ಟ: ಗರಿಷ್ಠ 3 ಮಿ.ಮೀ. ಪ್ಯಾಕೇಜ್ ಡಿಲೇ ಸೇರಿಸಿಲ್ಲ.

ಟ್ರೇಸ್‌ರಾಯ: ಅದೇ ನೋಡಿ ತೊಂದರೆ. 0.5 ಮಿ.ಮೀ. ಒಳಗೆ ತಂದು ಮತ್ತೆ ರೂಟ್ ಮಾಡಿ.

ಓಮ್240: ರಾಯರೇ, 3 ಮಿ.ಮೀ. ಅಂದ್ರೆ ಸುಮಾರು 20 ಪಿಕೋಸೆಕೆಂಡ್. 533ರಲ್ಲಿ ಒಂದು ಬಿಟ್‌ಗೆ 938 ಇದೆ. ಅಷ್ಟಕ್ಕೆ ಬೋರ್ಡ್ ಎಸೆಯೋದು ಬೇಡ. ಭಟ್ರೇ, ವಿಟಿಟಿ (ಗೆರೆಗಳ ತುದಿಯ ಟರ್ಮಿನೇಷನ್ ರೆಸಿಸ್ಟರ್‌ಗೆ ಕೊಡೋ ವೋಲ್ಟೇಜ್), ವಿರೆಫ್ (ಸಿಗ್ನಲ್ 0 ಅಥವಾ 1 ಅಂತ ಹೋಲಿಸಿ ನೋಡೋ ವೋಲ್ಟೇಜ್) ಎಲ್ಲಿಂದ ಕೊಟ್ಟಿದ್ದೀರಿ?

ಟ್ರೇಸ್‌ರಾಯ: 20 ಇಲ್ಲಿ, 20 ಅಲ್ಲಿ, ಕೂಡುತ್ತಾ ಹೋದ್ರೆ ಮಾರ್ಜಿನ್ ಎಲ್ಲುಳಿಯುತ್ತೆ? ನನ್ನ 8 ಲೇಯರ್ ಬೋರ್ಡಲ್ಲಿ ಎಲ್ಲ 0.2 ಮಿ.ಮೀ. ಒಳಗೇ ಇವೆ.

ಬೋರ್ಡ್_ಭಟ್ಟ: ವಿಟಿಟಿಗೆ ಟಿಪಿಎಸ್51200 ರೆಗ್ಯುಲೇಟರ್ ಚಿಪ್. ವಿರೆಫ್ ಕೂಡ 0.675 ವೋಲ್ಟ್ ತಾನೇ, ವಿಟಿಟಿ ಪ್ಲೇನಿಂದಲೇ ಎಳೆದಿದ್ದೀನಿ. ಮೀಟರಲ್ಲಿ ಸರಿಯಾಗಿ 0.675 ತೋರಿಸುತ್ತೆ.

ಓಮ್240: ಇದನ್ನ ಮೊದಲೇ ಹೇಳಬೇಕಿತ್ತು. ಮೀಟರ್ ತೋರಿಸೋದು ಸರಾಸರಿ. ಅಡ್ರೆಸ್, ಕಮಾಂಡ್ ಸೇರಿ ಸುಮಾರು 25 ಗೆರೆ, 40 ಓಮ್ ಟರ್ಮಿನೇಷನ್, 34 ಓಮ್ ಡ್ರೈವರ್ ಅಂದ್ರೆ ಗೆರೆಗೆ 9 ಮಿಲಿಆಂಪ್. ಎಲ್ಲ ಒಟ್ಟಿಗೆ ಕೆಳಗಿಳಿದರೆ 200 ಮಿಲಿಆಂಪ್ ದಾಟುತ್ತೆ, ವಿಟಿಟಿ ಕುಣಿಯುತ್ತೆ. ಅದರ ಜೊತೆ ವಿರೆಫ್ ಕೂಡ ಕುಣಿಯುತ್ತೆ. ವಿರೆಫ್ ನಾಯ್ಸ್‌ಗೆ ಇರೋ ಮಿತಿ ವಿಡಿಡಿಯ (ಮೆಮೊರಿಯ ಸಪ್ಲೈ ವೋಲ್ಟೇಜ್) ಶೇ. 1, ಅಂದ್ರೆ 13.5 ಮಿಲಿವೋಲ್ಟ್. ಎಡ್ಜ್ ನ್ಯಾನೋಸೆಕೆಂಡಿಗೆ 1 ವೋಲ್ಟ್ ಏರುತ್ತಿದ್ದರೆ 50 ಮಿಲಿವೋಲ್ಟ್ ಅಲುಗಾಟ 50 ಪಿಕೋಸೆಕೆಂಡ್ ತಿನ್ನುತ್ತೆ. ನಿಮಗೆ ಟೈಮಿಂಗ್ ತೊಂದರೆಯಂತೆ ಕಾಣುತ್ತಿರೋದು ವೋಲ್ಟೇಜ್ ತೊಂದರೆ. 400ರಲ್ಲಿ ಬಿಟ್‌ಗೆ 1250 ಪಿಕೋಸೆಕೆಂಡ್ ಸಿಗೋದರಿಂದ ಮುಚ್ಚಿಹೋಗಿತ್ತು.

ವಿರೆಫ್ ಟ್ರೇಸನ್ನ ವಿಟಿಟಿಯಿಂದ ಕತ್ತರಿಸಿ. ಟಿಪಿಎಸ್‌ನ 6ನೇ ಪಿನ್ನಿಂದ (ರೆಫ್‌ಔಟ್, ವಿರೆಫ್‌ಗೆಂದೇ ಇರೋ ಔಟ್‌ಪುಟ್) ಸಣ್ಣ ವೈರ್ ಎಳೆದು ಅಲ್ಲೇ 0.1 ಮೈಕ್ರೋಫ್ಯಾರಡ್ ಕೂರಿಸಿ. ಜಿಂಕ್‌ನ ವಿರೆಫ್ ಪಿನ್‌ಗಳಿಗೂ ಅಲ್ಲಿಂದಲೇ ಕೊಡೋದನ್ನ ಮರೀಬೇಡಿ. ವಿಟಿಟಿ ಬರೋ 3ನೇ ಪಿನ್ನಲ್ಲಿ 10 ಮೈಕ್ರೋಫ್ಯಾರಡ್‌ನ ಮೂರು ಸೆರಾಮಿಕ್ ಕೆಪ್ಯಾಸಿಟರ್ ಇವೆಯಾ ಅಂತಲೂ ನೋಡಿ.

ಪ್ರೋಬ್_ಪುಟ್ಟ: ಅಳೆಯುವಾಗ ಉದ್ದ ಗ್ರೌಂಡ್ ಕ್ಲಿಪ್ ಹಾಕಬೇಡಿ, ಸ್ಪ್ರಿಂಗ್ ಬಳಸಿ. ಇಲ್ಲದಿದ್ರೆ ಕಾಣೋದು ಪ್ರೋಬಿನದೇ ರಿಂಗಿಂಗ್. ನನ್ನ ಹತ್ರ 1 ಗಿಗಾಹರ್ಟ್ಸ್ ಸ್ಕೋಪ್, ಆಕ್ಟಿವ್ ಪ್ರೋಬ್ ಇದೆ. ಫೋಟೋ ಹಾಕ್ತೀನಿ.

ಟ್ರೇಸ್‌ರಾಯ: ಯಾವ ಪ್ರೋಬ್? ಎಷ್ಟು ಬಿತ್ತು?

ಬೋರ್ಡ್_ಭಟ್ಟ: ವೈರ್ ಹಾಕಿದೆ. 533ರಲ್ಲಿ ಆರು ಗಂಟೆ, ಒಂದೂ ಎರರ್ ಇಲ್ಲ! ಹಾಟ್ ಏರ್ ಹಿಡಿದಾಗ ಮಾತ್ರ ಒಂದೆರಡು ಬರ್ತಿವೆ.

ಓಮ್240: ಮೆಮೊರಿ ಚಿಪ್ 85 ಡಿಗ್ರಿ ದಾಟಿದ್ರೆ ರಿಫ್ರೆಶ್ (ಡೇಟಾ ಅಳಿಯದಂತೆ ಮತ್ತೆ ಮತ್ತೆ ಬರೆಯೋದು) ಅಂತರ 7.8ರಿಂದ 3.9 ಮೈಕ್ರೋಸೆಕೆಂಡಿಗೆ ಇಳಿಸಬೇಕು. ವಿವಾಡೋದಲ್ಲಿ (ಜಿಂಕ್ ಸೆಟ್ಟಿಂಗ್ ಮಾಡೋ ಸಾಫ್ಟ್‌ವೇರ್) ಹೈ ಟೆಂಪರೇಚರ್ ಆಯ್ಕೆ ಹಾಕಿ ನೋಡಿ.

ಟ್ರೇಸ್‌ರಾಯ: ಮುಂದಿನ ರಿವಿಷನ್‌ನಲ್ಲಿ ಪ್ಯಾಕೇಜ್ ಡಿಲೇ ಸೇರಿಸಿ, ಅದನ್ನಂತೂ ಬಿಡಬೇಡಿ.