ನೆರವು ಸಂಸ್ಥೆ ಕೆಲಸದಿಂದ ಆಫ್ರಿಕಾದ ಸ್ಟಾರ್ಟಪ್‌ಗಳ ಕಡೆಗೆ: ತರಬೇತಿ ಮಾಡಿದವರು ಅನುಭವ ಹೇಳಿ

ರಾಯಚೂರಿನವಳು, ಕಂಪಾಲಾ:
ಎಲ್ಲರಿಗೂ ನಮಸ್ಕಾರ. ವಿದೇಶಿ ನೆರವು ಸಂಸ್ಥೆಯೊಂದರಲ್ಲಿ ರೈತರ ಯೋಜನೆ ನೋಡಿಕೊಳ್ಳುತ್ತೇನೆ. ನಮ್ಮ ಫಂಡ್ ಡಿಸೆಂಬರಿಗೆ ಮುಗಿಯುತ್ತದೆ. ಮುಂದೆ ಕೃಷಿ ಸ್ಟಾರ್ಟಪ್‌ಗಳ ಜೊತೆ ಕೆಲಸ ಮಾಡಿ ಅನ್ನುತ್ತಿದ್ದಾರೆ. ಅದಕ್ಕೆ ನೈರೋಬಿಯಲ್ಲಿ ಆರು ವಾರದ ತರಬೇತಿ ಇದೆ. ಫೀಸು 2,800 ಡಾಲರ್, ಅರ್ಧ ನಾನೇ ಹಾಕಬೇಕು. ಮಕ್ಕಳಿಬ್ಬರನ್ನೂ ಇಲ್ಲೇ ಬಿಟ್ಟು ಹೋಗಬೇಕು. ಮಾಡಿದವರಿದ್ದರೆ ಹೇಳಿ, ಉಪಯೋಗ ಆಯಿತಾ?

ಕಿಲಿಮಾನಿ ಬಾಡಿಗೆದಾರ:
ನಾನು ಮಾಡಿದ್ದೇನೆ ಮೇಡಂ, ಪೂರ್ತಿ ಕೈಯಿಂದ ಹಾಕಿ. ಲೆಕ್ಕ ಬರೆಯುತ್ತೇನೆ, ನೋಡಿ. ಫೀಸು 2,600 ಡಾಲರ್. ನೈರೋಬಿಯ ಕಿಲಿಮಾನಿ ಬಡಾವಣೆಯಲ್ಲಿ ಒಂದು ಬೆಡ್‌ರೂಮಿನ ಮನೆ, ತಿಂಗಳಿಗೆ 70,000 ಶಿಲ್ಲಿಂಗ್. ಅಷ್ಟೇ ಡಿಪಾಸಿಟ್. ಬಿಡುವಾಗ ಗೋಡೆಗೆ ಬಣ್ಣ ಹೊಡೆಸಬೇಕು ಅಂತ ಅದರಲ್ಲಿ 18,000 ಮುರಿದುಕೊಂಡರು. ಸರ್ವಿಸ್ ಚಾರ್ಜ್ 6,000 ಬೇರೆ. ತರಬೇತಿ ನಡೆಯುತ್ತಿದ್ದ ನ್ಗಾಂಗ್ ರೋಡಿನಿಂದ ಮನೆಗೆ ವಾಪಸ್ ಬರಲಿಕ್ಕೆ ಟ್ಯಾಕ್ಸಿ 250 ಇದ್ದದ್ದು ಮಳೆ ಬಂದರೆ 700.

ಕಲಿಸಿದ್ದು ಏನು? ಪಿಚ್ ಡೆಕ್ (ಹೂಡಿಕೆದಾರರಿಗೆ ತೋರಿಸುವ ಸ್ಲೈಡು), ಬಿಸಿನೆಸ್ ಕ್ಯಾನ್ವಾಸ್ (ಒಂದೇ ಹಾಳೆಯಲ್ಲಿ ವ್ಯಾಪಾರದ ಯೋಜನೆ), ಗೋಡೆ ತುಂಬ ಬಣ್ಣದ ಚೀಟಿ. ಅದು ಮುಗಿಸಿಕೊಂಡು 2025ರ ಜನವರಿಗೆ ಅಮೆರಿಕದ ನೆರವಿನಲ್ಲಿ ನಡೆಯುವ ಒಂದು ಕಡೆ ಕೆಲಸ ಗಟ್ಟಿ ಮಾಡಿಕೊಂಡಿದ್ದೆ. 20ನೇ ತಾರೀಕು ಅಮೆರಿಕ ವಿದೇಶಿ ನೆರವು ತಡೆಹಿಡಿಯಿತು. ಜುಲೈ 1ಕ್ಕೆ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲೇ ಮುಚ್ಚಿತು. ಆಫರ್ ಲೆಟರ್ ಮಾತ್ರ ನನ್ನ ಹತ್ತಿರ ಉಳಿಯಿತು.

ಆಮೇಲೆ ಸೋಲಾರ್ ಶೀತಲ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಂಪನಿಗೆ ಸೇರಿದೆ. ಅವರಿಗೆ 60,000 ಡಾಲರ್ ಗ್ರಾಂಟ್, ನಾಲ್ಕು ಕಂತು. ಮೊದಲು ಖರ್ಚು ಮಾಡಿ, ರಸೀದಿ ಕೊಡಿ, ಆಮೇಲೆ ದುಡ್ಡು ಅನ್ನುವ ಪದ್ಧತಿ. ಗ್ರಾಂಟ್ ಕೊಟ್ಟವರು ಕಂಪ್ರೆಸರ್‌ಗೆ ಮೂರು ಕೊಟೇಶನ್, ಅಂದರೆ ಮೂರು ಮಾರಾಟಗಾರರ ಬೆಲೆಪತ್ರ ಕೇಳಿದರು. ಆ ಅಳತೆಯದ್ದು ನೈರೋಬಿಯಲ್ಲಿ ಮಾರುತ್ತಿದ್ದವನೇ ಒಬ್ಬ! ಮೂರನೇ ಕಂತು ಅಲ್ಲೇ ನಿಂತಿತು. ಸಂಬಳ ನಿಂತಿತು. ಒಳ್ಳೆಯ ಟೆಕ್ನಿಷಿಯನ್ ಬಿಟ್ಟು ಹೋದ. ಅವನು ಹೋದ ಮೇಲೆ ರಿಪೇರಿಗೆ ಬಂದ ಪೆಟ್ಟಿಗೆಗಳು ಹಾಗೇ ಬಿದ್ದವು, ಮೀನು ಮಾರುವ ಹೆಂಗಸರು ಬಂದು ಬೈದು ಹೋದರು. ಡೋನರ್ ದುಡ್ಡು ತಡವಾದರೆ ಹೀಗೆಲ್ಲ ಆಗುತ್ತದೆ ಅಂತ ತರಬೇತಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಧಾರವಾಡದವ, ಲೇಗೋಸ್:
ಫೀಸು ಕೊಟ್ಟು ಕಲಿಯುವ ವಿದ್ಯೆಯೇ ಅಲ್ಲ ಇದು. ನಾನು ನೆರವು ಸಂಸ್ಥೆ ಬಿಟ್ಟು ಇಲ್ಲಿನ ಯಾಬಾ ಬಡಾವಣೆಯ ಒಂದು ಪೇಮೆಂಟ್ ಕಂಪನಿಯಲ್ಲಿ ಅರ್ಧ ಸಂಬಳಕ್ಕೆ ಕೂತೆ. ಇವತ್ತಿಗೂ ಅದರ ಬಗ್ಗೆ ಹೆಮ್ಮೆ ಇದೆ.

2023ರ ಜೂನ್‌ನಲ್ಲಿ ನೈಜೀರಿಯಾದ ನಾಣ್ಯ ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ 460ರ ಆಸುಪಾಸು ಇದ್ದದ್ದು ಮುಂದಿನ ಫೆಬ್ರವರಿ ಹೊತ್ತಿಗೆ 1,500 ಮುಟ್ಟಿತು. ನಮಗೆ ಬರುವ ದುಡ್ಡು ನೈರಾ, ಕೊಡುವ ಸರ್ವರ್ ಬಿಲ್ಲು ಡಾಲರ್. ತಿಂಗಳಿಗೆ 3,100 ಡಾಲರ್ ಬಿಲ್ಲು. 14 ಲಕ್ಷ ನೈರಾದಲ್ಲಿ ಮುಗಿಯುತ್ತಿದ್ದದ್ದು 46 ಲಕ್ಷಕ್ಕೆ ಹೋಯಿತು. ಮೇಲೆ ಜನರೇಟರ್‌ಗೆ ಡೀಸೆಲ್. ಕಂಪನಿ ಕಟ್ಟಿದ ಹುಡುಗ ರಾತ್ರಿ ಹನ್ನೊಂದಕ್ಕೆ ಬಿಲ್ಲು ಮುಂದಿಟ್ಟುಕೊಂಡು "ಯಾವ ಸರ್ವರ್ ಬಂದ್ ಮಾಡೋಣ?" ಅಂತ ನನ್ನನ್ನು ಕೇಳುತ್ತಿದ್ದ. ಗ್ರಾಂಟ್ ಕೊಟ್ಟ ಮಂದಿ ಆ ವಾರವೂ ತ್ರೈಮಾಸಿಕ ವರದಿ ಕೇಳಿದರು, ಗ್ರಾಂಟ್ ಮಾತ್ರ ಹಳೇ ದರದ ನೈರಾದಲ್ಲೇ ಕೊಟ್ಟರು. ಬಣ್ಣದ ಚೀಟಿ ಅಂಟಿಸಿದರೆ ಇದು ಬರುತ್ತದೇನು?

ಕಿಗಾಲಿಯಲ್ಲಿ ಪಾಠ ಮಾಡುವವಳು:
ಕೆಟ್ಟ ತರಬೇತಿ ಸಿಕ್ಕಿತು ಅಂತ ತರಬೇತಿಯೇ ಬೇಡ ಅನ್ನುವುದು ನ್ಯಾಯ ಅಲ್ಲ. ನಾನು ಇದನ್ನೇ ಕಲಿಸುತ್ತೇನೆ. ಮೊದಲ ದಿನ ಒಂದು ಕಂಪನಿಯ ಕಳೆದ ತಿಂಗಳ ಜಮಾ ಖರ್ಚಿನ ಹಾಳೆ ಕೊಡುತ್ತೇನೆ. "ಇವರು ಇನ್ನು ಎಷ್ಟು ತಿಂಗಳು ಉಳಿಯುತ್ತಾರೆ?" ಅಂತ ಒಂದೇ ಪ್ರಶ್ನೆ. ತಲೆ ನರೆತ ಪ್ರೋಗ್ರಾಂ ಮ್ಯಾನೇಜರ್‌ಗಳೂ ತಡಕಾಡುತ್ತಾರೆ. ಅವರಿಗೆ ಬಜೆಟ್‌ನಲ್ಲಿ ಖರ್ಚಾಗದೆ ಉಳಿದದ್ದು ಕಾಣುತ್ತದೆ, ಬ್ಯಾಂಕಿನಲ್ಲಿ ಇರುವುದು ಕಾಣುವುದಿಲ್ಲ. ಅವರ ವಿದ್ಯೆಯೆಲ್ಲ ಮಂಜೂರಾದ ದುಡ್ಡನ್ನು ವೇಳೆಗೆ ಸರಿಯಾಗಿ ಖರ್ಚು ಮಾಡುವುದು. ಸ್ಟಾರ್ಟಪ್ ಬದುಕುವುದು ಖರ್ಚು ತಡೆದು.

ಇನ್ನೊಂದು. ಜನವರಿಯಲ್ಲಿ ಬರೆದ ಲಾಗ್‌ಫ್ರೇಮ್ (ಯೋಜನೆಯ ಗುರಿ, ಕೆಲಸ, ಅಳತೆಗಳ ಪಟ್ಟಿ) ಏಪ್ರಿಲ್‌ಗೆ ಹಳತಾಗಿರುತ್ತದೆ. ಗಿರಾಕಿ ಬೇರೆ ಏನೋ ಕೇಳಿರುತ್ತಾನೆ, ಕಂಪನಿ ಆ ಕಡೆ ತಿರುಗಿರುತ್ತದೆ. ಇದನ್ನು ಡೋನರ್‌ಗೆ ಹೇಗೆ ಬರೆದು ಒಪ್ಪಿಸುವುದು ಅನ್ನುವುದಕ್ಕೆ ಒಂದು ವಾರ ತಗೊಳ್ಳುತ್ತೇನೆ. ಮತ್ತೊಂದು, ಗ್ರಾಂಟ್ ಮುಗಿದ ಮೇಲಿನ ಮಾತು. ಉಗಾಂಡಾದ ಆರೋಗ್ಯ ಸಚಿವಾಲಯ 2012ರಲ್ಲಿ ಹೊಸ ಮೊಬೈಲ್ ಆರೋಗ್ಯ ಪ್ರಯೋಗಗಳನ್ನೆಲ್ಲ ತಡೆದಿದ್ದು ನೆನಪಿದೆಯಾ? ಡೋನರ್‌ಗೊಂದರಂತೆ ಸಣ್ಣ ಪ್ರಯೋಗ ಆಗಿತ್ತು, ಒಂದಕ್ಕೊಂದು ಸಂಬಂಧ ಇರಲಿಲ್ಲ. ಇಲ್ಲಿ ರುವಾಂಡಾದಲ್ಲಿ ಝಿಪ್‌ಲೈನ್ ಕಂಪನಿ 2016ರ ಅಕ್ಟೋಬರ್‌ನಲ್ಲಿ ಮುಹಾಂಗಾದಿಂದ ಆಸ್ಪತ್ರೆಗಳಿಗೆ ಡ್ರೋನ್‌ನಲ್ಲಿ ರಕ್ತ ಕಳಿಸಲು ಶುರು ಮಾಡಿದಾಗ ಸರ್ಕಾರವೇ ಗಿರಾಕಿ. ಗ್ರಾಂಟ್ ಮುಗಿದ ಮೇಲೆ ದುಡ್ಡು ಕೊಡುವವರು ಯಾರು ಅಂತ ಮೊದಲೇ ಕೇಳುವುದನ್ನು ಕಲಿಸಬೇಕು. ನಾನು ಕಲಿಸುತ್ತೇನೆ. ಆದರೂ ನನ್ನ ಗೌರವಧನ 1,900 ಡಾಲರ್ ಒಂದು ಸಂಸ್ಥೆಯಿಂದ ಇನ್ನೂ ಬರಬೇಕು.

ಲೆಕ್ಕಪತ್ರದವ:
ಮೂರು ಕೊಟೇಶನ್ ಬಗ್ಗೆ ಎಲ್ಲರೂ ಸುಲಭವಾಗಿ ಬೈಯುತ್ತೀರಿ. ಆ ಸಹಿ ಹಾಕುವವನು ನಾನು. ಅದು ಇನ್ನೊಂದು ದೇಶದ ಜನ ಕಟ್ಟಿದ ತೆರಿಗೆ ದುಡ್ಡು. ನಾನು ನೋಡಿದ ಒಂದು ಕಂಪನಿ ಟ್ಯಾಬ್ಲೆಟ್‌ಗಳನ್ನು ಮಾಲೀಕನ ಭಾವಮೈದುನನ ಅಂಗಡಿಯಿಂದ ತಗೊಂಡಿತ್ತು, ಒಂದಕ್ಕೆ 31,000 ಶಿಲ್ಲಿಂಗ್. ಬೀದಿಯಲ್ಲಿ 19,500ಕ್ಕೆ ಸಿಗುತ್ತಿತ್ತು. ಆಡಿಟರ್ ಮುಂದೆ ಕೂತು ಉತ್ತರ ಕೊಟ್ಟವನು ನಾನು, ಆ ಮಾಲೀಕ ಅಲ್ಲ. ಮಾರುವವನು ಒಬ್ಬನೇ ಇದ್ದರೆ ಖರೀದಿಗೆ ಮೊದಲೇ ಕಾರಣ ಬರೆದು ಒಪ್ಪಿಗೆ ತಗೊಳ್ಳಬೇಕು. ಅಷ್ಟೂ ಗೊತ್ತಿಲ್ಲ ಅಂದರೆ ಹೇಗೆ?

ಕಿಲಿಮಾನಿ ಬಾಡಿಗೆದಾರ:
ಕೊಟ್ಟಿದ್ದೆವು ಸ್ವಾಮಿ! ಕಾರಣ ಬರೆದು, ತಯಾರಕರ ಪತ್ರ ಲಗತ್ತಿಸಿ. ಉತ್ತರವೇ ಬರಲಿಲ್ಲ. ನಿಮ್ಮಂಥವರ ಮೇಜಿನ ಮೇಲೆ ಕಾಗದ ಕೂತಿರುವಾಗ ಇಲ್ಲಿ ಒಬ್ಬನ ಮನೆ ಬಾಡಿಗೆ ನಿಂತಿರುತ್ತದೆ.

ಲೆಕ್ಕಪತ್ರದವ:
ನೆರವಿನ ದುಡ್ಡು ಬೇಡ ಅಂದರೆ ತಗೊಳ್ಳಬೇಡಿ. ಕೀನ್ಯಾದಲ್ಲಿ ಫೋನಿನಿಂದ ದುಡ್ಡು ಕಳಿಸುವ ಎಂ-ಪೇಸಾ ಹುಟ್ಟಿದ್ದೇ ಬ್ರಿಟಿಷ್ ನೆರವಿನಿಂದ. ಸುಮಾರು 10 ಲಕ್ಷ ಪೌಂಡ್, ಸರಿಸಮ ವೊಡಾಫೋನ್ ಹಾಕಿತು. ಅದನ್ನು ಮರೆಯಬೇಡಿ.

ಧಾರವಾಡದವ, ಲೇಗೋಸ್:
ಅರ್ಧ ಕಥೆ ಹೇಳಬೇಡ್ರಿ. ಆ ದುಡ್ಡು ಬಂದದ್ದು ಮೈಕ್ರೋಫೈನಾನ್ಸ್ ಸಾಲದ ಕಂತು ಫೋನಿನಲ್ಲಿ ಕಟ್ಟಿಸಲಿಕ್ಕೆ. ಪ್ರಯೋಗದಲ್ಲಿ ಜನ ಒಬ್ಬರಿಗೊಬ್ಬರು ದುಡ್ಡು ಕಳಿಸಲು ಶುರು ಮಾಡಿದರು. 2007ರ ಮಾರ್ಚ್‌ನಲ್ಲಿ ಕೀನ್ಯಾದ ಫೋನ್ ಕಂಪನಿ ಸಫಾರಿಕಾಮ್ ಬಿಡುಗಡೆ ಮಾಡಿದ್ದು ಆ ಬದಲಾದ ರೂಪ. "ಮನೆಗೆ ದುಡ್ಡು ಕಳಿಸಿ" ಅಂತಲೇ ಜಾಹೀರಾತು ಕೊಟ್ಟರು. ಬೀದಿ ಬೀದಿಯಲ್ಲಿ ಏಜೆಂಟರನ್ನು ಕೂರಿಸಿದ್ದು ನೆರವು ಸಂಸ್ಥೆಯಲ್ಲ. ನಿಮ್ಮ ಲಾಗ್‌ಫ್ರೇಮ್ ಹಿಡಿದುಕೊಂಡಿದ್ದರೆ ಅದು ಇವತ್ತಿಗೂ ಸಾಲ ವಸೂಲಿ ಆ್ಯಪ್ ಆಗಿರುತ್ತಿತ್ತು.

ಲೆಕ್ಕಪತ್ರದವ:
ದಾರಿ ಬದಲಿಸಲು ಬಿಟ್ಟಿದ್ದೂ ಆ ಡೋನರೇ ಅಲ್ವಾ?

ಮೊಂಬಾಸಾದ ಮಂಗಳೂರಿನವ:
ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ. ಎಷ್ಟೋ ಆಫ್ರಿಕನ್ ಸ್ಟಾರ್ಟಪ್‌ಗಳು ನೋಂದಣಿ ಆಗಿರುವುದು ಅಮೆರಿಕದ ಡೆಲವೇರ್‌ನಲ್ಲಿ. ಹೂಡಿಕೆದಾರರು ಹಾಗೇ ಬೇಕು ಅನ್ನುತ್ತಾರೆ. ನನ್ನ ಕೀನ್ಯಾದ ಪಾಲುದಾರನೂ ನಾನೂ ಅದಕ್ಕೆ, ವಕೀಲರಿಗೆ ಸೇರಿ 4,300 ಡಾಲರ್ ಸುರಿದೆವು. ಆಮೇಲೆ ಒಂದು ನೆರವು ಸಂಸ್ಥೆ "ನೀವು ಸ್ಥಳೀಯ ಕಂಪನಿ ಅಲ್ಲ" ಅಂತ ಅರ್ಜಿ ತಳ್ಳಿಹಾಕಿತು. ಅದೇ ಸುತ್ತಿನಲ್ಲಿ ಯುರೋಪಿನಿಂದ ಆಗಷ್ಟೇ ಬಂದಿಳಿದ ಇಬ್ಬರಿಗೆ ದುಡ್ಡು ಸಿಕ್ಕಿತು. ನನ್ನ ಪಾಲುದಾರ ಅಲ್ಲೇ ಹುಟ್ಟಿ ಬೆಳೆದವನು, ಸ್ವಾಹಿಲಿಯಲ್ಲಿ ವ್ಯಾಪಾರ ಮಾಡುವವನು. ಅರ್ಜಿ ಓದುವವರಿಗೆ ಮೊದಲು ತರಬೇತಿ ಕೊಡಿ.

ಕಿಗಾಲಿಯಲ್ಲಿ ಪಾಠ ಮಾಡುವವಳು:
ಇದು ನಿಜ. ಆದರೆ ನೈರೋಬಿಯ ಕಥೆಯನ್ನು ಎಲ್ಲಾ ಕಡೆಗೂ ಹಚ್ಚಬೇಡಿ. ಟುನೀಶಿಯಾ 2018ರಲ್ಲಿ, ಸೆನೆಗಲ್ 2019ರಲ್ಲಿ ಸ್ಟಾರ್ಟಪ್‌ಗಳಿಗೇ ಕಾನೂನು ಮಾಡಿದವು.

ಮೊಂಬಾಸಾದ ಮಂಗಳೂರಿನವ:
ಕಾನೂನು ಕಾಗದದ ಮೇಲೆ ಇದ್ದರೆ ನನ್ನ 4,300 ಡಾಲರ್ ವಾಪಸ್ ಬರುತ್ತದಾ ಮೇಡಂ?

ರಾಯಚೂರಿನವಳು, ಕಂಪಾಲಾ:
ಎಲ್ಲರಿಗೂ ಥ್ಯಾಂಕ್ಸ್. ಮಕ್ಕಳ ವಿಷಯ ನಾನೇ ನೋಡಿಕೊಳ್ಳುತ್ತೇನೆ. ಕಿಗಾಲಿ ಮೇಡಂಗೆ ಒಂದು ಪ್ರಶ್ನೆ. ನೀವು ಕೊಡುವ ಜಮಾ ಖರ್ಚಿನ ಹಾಳೆ ನಿಜವಾದ ಕಂಪನಿಯದ್ದಾ, ಪಾಠಕ್ಕೆ ಅಂತ ಮಾಡಿದ್ದಾ?

ಕಿಗಾಲಿಯಲ್ಲಿ ಪಾಠ ಮಾಡುವವಳು:
ನಿಜವಾದದ್ದು. ಒಪ್ಪಿಗೆ ತಗೊಂಡು, ಹೆಸರು ತೆಗೆದು ಕೊಡುತ್ತೇನೆ. ಸಂಬಳ ತಡವಾದ ತಿಂಗಳನ್ನೇ ಆರಿಸುತ್ತೇನೆ. ದುಡ್ಡು ಕಟ್ಟುವ ಮೊದಲು ನೈರೋಬಿಯವರಿಗೂ ಇದನ್ನೇ ಕೇಳಿ. ಗ್ರಾಂಟ್ ಕಂತಿನಲ್ಲಿ ಮುಂಗಡ ಇಡಿಸಿಕೊಳ್ಳುವುದು ಹೇಗೆ ಅಂತ ಕಲಿಸುತ್ತೀರಾ ಅಂತಲೂ ಕೇಳಿ.

ಕಿಲಿಮಾನಿ ಬಾಡಿಗೆದಾರ:
ನಮ್ಮ ಬ್ಯಾಚಿಗೆ ಎರಡೂ ಕಲಿಸಲಿಲ್ಲ. ಬೇಕಾದರೆ ನಮ್ಮ ಪಠ್ಯಕ್ರಮದ ಹಾಳೆ ಕಳಿಸುತ್ತೇನೆ, ನೀವೇ ಓದಿ ನೋಡಿ.