ಸಭೆಯ ಸದಸ್ಯರನ್ನು ವಾಕ್ಯಬೋಧನೆಗೆ ಸಿದ್ಧಪಡಿಸುವುದು ಹೇಗೆ?

ಪ್ರಶ್ನೆ

ಗೃಹಕೂಟಗಳಲ್ಲಿಯೂ ಯುವಜನರ ಕೂಟದಲ್ಲಿಯೂ ಇನ್ನು ಮುಂದೆ ಸದಸ್ಯರೇ ದೇವರ ವಾಕ್ಯವನ್ನು ಬೋಧಿಸಬೇಕೆಂದು ನಮ್ಮ ಕ್ರೈಸ್ತ ಸಭೆಯ ಹಿರಿಯರು ತೀರ್ಮಾನಿಸಿ, ಅವರಿಗೆ ತರಬೇತಿ ಕೊಡುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಹೆಸರು ಕೊಟ್ಟವರಲ್ಲಿ ಕೆಲವರು ಬೈಬಲನ್ನು ಚೆನ್ನಾಗಿ ಬಲ್ಲವರಾದರೂ ಎದ್ದು ನಿಂತೊಡನೆ ಅವರ ಸ್ವರ ಅಡಗಿಹೋಗುತ್ತದೆ; ಇನ್ನು ಕೆಲವರು ನಿರರ್ಗಳವಾಗಿ ಮಾತನಾಡುತ್ತಾರೆ, ಆದರೆ ಓದಿದ ವಾಕ್ಯಕ್ಕೂ ಆಡಿದ ಮಾತಿಗೂ ಸಂಬಂಧವೇ ಇರುವುದಿಲ್ಲ. ಈ ಇಬ್ಬಗೆಯವರನ್ನೂ ಒಂದೇ ತರಗತಿಯಲ್ಲಿ ಕೂರಿಸಬಹುದೇ? ಮೊದಲು ಕಲಿಸಬೇಕಾದದ್ದು ಅಧ್ಯಯನವನ್ನೋ, ಭಾಷಣವನ್ನೋ?

ಉತ್ತರ 1

ಒಂದೇ ತರಗತಿ ಸಾಕು. ಎರಡನ್ನೂ ಬಿಟ್ಟು ಗಟ್ಟಿಯಾಗಿ ಓದುವುದರಿಂದ ಆರಂಭಿಸಿ. ನೆಹೆಮೀಯ 8:8ರಲ್ಲಿ ಲೇವಿಯರು, ಅಂದರೆ ದೇವಾಲಯದ ಸೇವೆಗೆ ನೇಮಕವಾದ ಕುಲದವರು, ಧರ್ಮಶಾಸ್ತ್ರವನ್ನು ಸ್ಪಷ್ಟವಾಗಿ ಓದಿ, ಅರ್ಥ ಹೇಳಿ, ಜನರಿಗೆ ತಿಳಿಯುವಂತೆ ಮಾಡಿದರೆಂದು ಬರೆದಿದೆ. ಓದುವುದೇ ಅಲ್ಲಿ ಮೊದಲ ಕೆಲಸ. ನಮ್ಮ ಕೂಟಗಳಲ್ಲಿ ಮಾತ್ರ ಅದನ್ನು ಪ್ರಸಂಗಕ್ಕೆ ಮುಂಚೆ ಮುಗಿಸಿಬಿಡಬೇಕಾದ ಕಾರ್ಯವೆಂದು ನೋಡುವ ರೂಢಿಯಿದೆ.

23ನೇ ಕೀರ್ತನೆಯನ್ನು ಕೊಟ್ಟು ನೋಡಿ. ಅದರಲ್ಲಿರುವುದು ಆರೇ ವಚನಗಳು. ಮೊದಲ ಮೂರರಲ್ಲಿ ಕೀರ್ತನೆಗಾರನು ದೇವರನ್ನು ಕುರಿತು ಮಾತನಾಡುತ್ತಾನೆ. ಕಗ್ಗತ್ತಲ ಕಣಿವೆಯ ಮಾತು ಬರುವ 4ನೇ ವಚನದಲ್ಲಿ ತಟ್ಟನೆ ತಿರುಗಿ ದೇವರೊಡನೆಯೇ ಮಾತನಾಡತೊಡಗುತ್ತಾನೆ. ಬಾಯಿಪಾಠವಾಗಿರುವವರು ಈ ತಿರುವನ್ನು ಗಮನಿಸದೆ ಒಂದೇ ರಾಗದಲ್ಲಿ ದಾಟಿಬಿಡುತ್ತಾರೆ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಬೇಕು ಎಂದು ಕೇಳಿದಾಗ ಅವರು ಭಾಗವನ್ನು ಮತ್ತೆ ಓದಲೇಬೇಕಾಗುತ್ತದೆ. ಹೀಗೆ ಅಧ್ಯಯನವೂ ಭಾಷಣವೂ ಒಟ್ಟಿಗೇ ಶುರುವಾಗುತ್ತವೆ. ಅಂಜುವವರಿಗೂ ಇದು ಅನುಕೂಲ: ಆಡುವ ಮಾತು ತಮ್ಮದಲ್ಲವಾದ್ದರಿಂದ ಎದುರಿಸಬೇಕಾದದ್ದು ಜನರ ನೋಟವನ್ನು ಮಾತ್ರ.

ಭಾಗವನ್ನು ಆರಿಸುವಾಗ ಅಧ್ಯಾಯದ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು; ಹೊಸ ಒಡಂಬಡಿಕೆಯ ವಚನಸಂಖ್ಯೆಗಳು 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನ ಆವೃತ್ತಿಯಿಂದ ಬಂದವು. ಯೆಶಾಯ 53ನ್ನು ಮೊದಲ ವಚನದಿಂದ ಓದುವವರು, ಬಾಧೆಪಡುವ ದೇವರ ಸೇವಕನ ಕುರಿತ ಆ ಭಾಗ 52:13ರಲ್ಲೇ ಆರಂಭವಾಗಿ ಅವನು ಉನ್ನತಿಗೇರುವನೆಂದು ಮೊದಲೇ ಸಾರುವುದನ್ನು ಕಾಣುವುದೇ ಇಲ್ಲ.

ಉತ್ತರ 2

ಮೇಲಿನ ಸಲಹೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮಾತುಗಾರರು ಸೊಗಸಾಗಿ ಓದಿ, ಪುಸ್ತಕ ಮುಚ್ಚಿ, ತಮಗಿಷ್ಟವಾದ ವಿಷಯಕ್ಕೆ ಹೊರಟುಬಿಡುತ್ತಾರೆ. ಅವರಿಗೆ ಕಡಿವಾಣವೇ ಬೇಕು. ಭಾಗ ಹೇಳುವುದೇನೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ತರಲಿ, ಆ ವಾಕ್ಯಕ್ಕೆ ಸೇರದದ್ದನ್ನು ಬಿಡಲಿ, ಐದು ನಿಮಿಷದೊಳಗೆ ಮುಗಿಸಲಿ.

ಲೂಕ 15ರಲ್ಲಿ ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯವನ್ನೇ, ಅಂದರೆ ದೃಷ್ಟಾಂತಕಥೆಯನ್ನೇ, ತೆಗೆದುಕೊಳ್ಳಿ. ಬಹುತೇಕರು ತಂದೆ ಓಡಿಬಂದು ಅಪ್ಪಿಕೊಳ್ಳುವಲ್ಲಿಗೆ ನಿಲ್ಲಿಸಿ, ಅಲ್ಲಿಂದ ಕಣ್ಣೀರಿನ ಉಪದೇಶಕ್ಕೆ ಇಳಿಯುತ್ತಾರೆ. ಆದರೆ ಅಧ್ಯಾಯದ ಆರಂಭದಲ್ಲಿ, ಯೇಸು ಪಾಪಿಗಳನ್ನು ಸೇರಿಸಿಕೊಂಡು ಅವರೊಡನೆ ಊಟಮಾಡುತ್ತಾನೆಂದು ಗುಣುಗುಟ್ಟುತ್ತಿರುವವರು ಫರಿಸಾಯರೆಂಬ ಕಟ್ಟುನಿಟ್ಟಿನ ಧಾರ್ಮಿಕ ಪಂಗಡದವರು ಮತ್ತು ಶಾಸ್ತ್ರಿಗಳು. ಮನೆಯೊಳಗೆ ಬರಲೊಪ್ಪದ ಹಿರಿಯ ಮಗನ ಭಾಗ ಅವರಿಗೇ ಕೊಟ್ಟ ಉತ್ತರ. ಅದನ್ನು ಬಿಟ್ಟರೆ ಸಾಮ್ಯದ ಮೊನೆಯೇ ಹೋಗುತ್ತದೆ. ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ ಮಾತಿದು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಅನ್ವಯಕ್ಕೆ ಕೈ ಹಾಕಬಾರದೆಂಬುದನ್ನು ತರಗತಿಯ ನಿಯಮವಾಗಿಯೇ ಮಾಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ತಿದ್ದುವ ವಿಷಯದಲ್ಲಿ ನನಗೆ ಇನ್ನೂ ಅಳುಕಿದೆ. ಎಲ್ಲರ ಮುಂದೆ ತಪ್ಪು ತೋರಿಸಿದರೆ ಅಂಜುವವರು ಮರುವಾರ ಬರಲಿಕ್ಕಿಲ್ಲ. ಸುಮ್ಮನಿದ್ದರೆ ಅದು ತರಬೇತಿಯೇ ಆಗುವುದಿಲ್ಲ.

ಉತ್ತರ 3

ಆದಿ ಸಭೆಯ ಬೋಧಕನಾದ ಅಪೊಲ್ಲೋಸನ ವೃತ್ತಾಂತ ಇಲ್ಲಿ ನೆರವಿಗೆ ಬರುತ್ತದೆ. ಅಪೊಸ್ತಲರ ಕೃತ್ಯಗಳು 18ರ ಪ್ರಕಾರ ಅವನು ವಾಕ್ಚಾತುರ್ಯವುಳ್ಳವನು, ಶಾಸ್ತ್ರದಲ್ಲಿ ಪ್ರವೀಣನು. ಆದರೆ ಯೋಹಾನನ ದೀಕ್ಷಾಸ್ನಾನವೊಂದನ್ನೇ ಬಲ್ಲವನು, ಅಂದರೆ ಅವನ ತಿಳಿವಳಿಕೆ ಪೂರ್ಣವಾಗಿರಲಿಲ್ಲ. ಅವನ ಮಾತು ಕೇಳಿದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿ ಸಭಾಮಂದಿರದಲ್ಲಿ ಎದ್ದು ನಿಂತು ಅವನನ್ನು ಖಂಡಿಸಲಿಲ್ಲ. ಅವನನ್ನು ತಮ್ಮೊಂದಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ನಿಖರವಾಗಿ ವಿವರಿಸಿದರು. ಅವರಿಬ್ಬರಲ್ಲಿ ಒಬ್ಬರು ಸ್ತ್ರೀ ಎಂಬುದನ್ನು ನಿಮ್ಮ ಹಿರಿಯರಿಗೂ ನೆನಪಿಸಿ.

ನನ್ನ ಸಲಹೆ ಇಷ್ಟೇ: ತರಗತಿಯಲ್ಲಿ ಎಲ್ಲರ ಮುಂದೆ ಚೆನ್ನಾಗಿದ್ದದ್ದನ್ನು ನಿರ್ದಿಷ್ಟವಾಗಿ ಹೇಳಿ. "ಚೆನ್ನಾಗಿತ್ತು" ಎಂದರೆ ಪ್ರಯೋಜನವಿಲ್ಲ. ಯಾವ ಪ್ರಶ್ನೆಯ ನಂತರ ಜನರು ತಲೆಯೆತ್ತಿ ನೋಡಿದರೆಂದು ತಿಳಿಸಿ. ತಿದ್ದಬೇಕಾದದ್ದನ್ನು ಆಮೇಲೆ ಒಬ್ಬರೇ ಇರುವಾಗ, ಒಂದು ಸಲಕ್ಕೆ ಒಂದರಂತೆ ಹೇಳಿ. ಸ್ವರ ತಗ್ಗಿದ್ದನ್ನು ಈ ವಾರ ಹೇಳಿದರೆ ಕೈಯಾಡಿಸುವ ಅಭ್ಯಾಸ ಮುಂದಿನ ಸರದಿಯವರೆಗೂ ಕಾಯಲಿ. ಬೋಧನೆಯಲ್ಲೇ ದೋಷವಿದ್ದರೆ ಮಾತ್ರ ಅದೇ ದಿನ ಮಾತನಾಡಿ, ಮುಂದಿನ ಭಾಗವನ್ನು ನೀವಿಬ್ಬರೂ ಒಟ್ಟಿಗೆ ಕುಳಿತು ಸಿದ್ಧಪಡಿಸಿ.